ಹದಿನೆಂಟನೇ ಗೀಟು

ಸೋಮವಾರ, ರಾತ್ರಿ ಒಂಬತ್ತೂವರೆ

ಪ್ರೀತಿಯ ಅಕ್ಕ,

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಮೊದಲು ನಗುತ್ತೀಯ, ಆಮೇಲೆ ಬೈಯುತ್ತೀಯ, ಅಷ್ಟರಲ್ಲಿ ನಿನ್ನ ಮೊಮ್ಮಗ ಅಳುತ್ತಾನೆ, "ಆಮೇಲೆ ಮಾಡ್ತೀನಿ ಇರೇ" ಅಂತ ಇಟ್ಟುಬಿಡುತ್ತೀಯ. ಆ "ಆಮೇಲೆ" ಯಾವತ್ತು ಬಂದಿದೆ ಹೇಳು. ಅದಕ್ಕೇ ಕಾಗದ. ವಿಷಯ ಇಷ್ಟು: ಗುರುವಾರ ನಮ್ಮ ಮನೆಗೆ ಐವತ್ತು ಕೋಳಿಮರಿ ಬರುತ್ತವೆ. ಒಂದು ದಿನದ ಮರಿಗಳು. ಇನ್ನೂ ಹುಟ್ಟಿಲ್ಲ.

ಹುಟ್ಟದ ಮರಿಗೆ ಮುಂಗಡ ಕೊಟ್ಟವಳು ನಮ್ಮ ವಂಶದಲ್ಲಿ ನಾನೇ ಮೊದಲಿರಬೇಕು. ಬುಕ್ ಮಾಡಲು ಫೋನು ಮಾಡಿದ ದಿನ ಆ ಕಡೆಯ ಹೆಣ್ಣುಮಗಳು, "ಇವತ್ತು ಗುರುವಾರ ಅಲ್ವಾ ಮೇಡಂ, ಮಷಿನ್‌ಗೆ ಮೊಟ್ಟೆ ಇಡೋ ದಿನ. ಅದ್ರಲ್ಲಿ ಐವತ್ತು ನಿಮ್ದು ಅಂದ್ಕೊಂಡ್ಬಿಡಿ" ಅಂದಳು. ನಾನು ನಿಜವಾಗಿಯೂ ಹಾಗೇ ಅಂದುಕೊಂಡುಬಿಟ್ಟೆ ನೋಡು. ಅವತ್ತಿನಿಂದ ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ದಿನಕ್ಕೊಂದು ಗೀಟು ಎಳೆಯುತ್ತಿದ್ದೇನೆ, ನೀನು ಕೊಟ್ಟಿಗೆಯ ಗೋಡೆಗೆ ಇದ್ದಿಲಲ್ಲಿ ಎಳೆಯುತ್ತಿದ್ದ ಹಾಗೆ. ಇವತ್ತಿಗೆ ಹದಿನೆಂಟು.

ಹದಿನೆಂಟಕ್ಕೆ ಒಂದು ಲೆಕ್ಕ ಇದೆಯಂತೆ. ಅಲ್ಲಿಯವರೆಗೆ ಮೊಟ್ಟೆಗಳು ಒಂದು ಯಂತ್ರದಲ್ಲಿ ಇರುತ್ತವೆ, 37.5 ಡಿಗ್ರಿ ಶಾಖ, ಮೇಲೆ ತೇವದ ಗಾಳಿ, ತಟ್ಟೆಗಳು ತಾವಾಗಿಯೇ ಆಗಾಗ ಎಡಕ್ಕೂ ಬಲಕ್ಕೂ ವಾಲುತ್ತವೆ. ಹದಿನೆಂಟನೇ ದಿನ ಬೆಳಕು ಹಿಡಿದು ನೋಡಿ, ಬರಡು ಮೊಟ್ಟೆ ತೆಗೆದುಹಾಕಿ, ಉಳಿದವನ್ನು ಇನ್ನೊಂದು ಯಂತ್ರಕ್ಕೆ ಸಾಗಿಸುತ್ತಾರೆ. ಆಮೇಲೆ ಅಲ್ಲಾಡಿಸುವ ಹಾಗಿಲ್ಲ. ಮರಿ ಒಳಗೇ ತಿರುಗಿ, ಕೊಕ್ಕನ್ನು ಗಾಳಿ ಇರುವ ಕಡೆ ಮಾಡಿಕೊಂಡು ಸಿದ್ಧವಾಗುವ ಹೊತ್ತು ಅದು. ಇದನ್ನು ಓದಿದಾಗ ನನ್ನ ಕೈ ಚುರುಕ್ ಅಂದಿತು. ಕರಿಹೇಟೆ ಕಾವಿಗೆ ಕೂತಿದ್ದಾಗ ಕೊನೆಯ ಮೂರು ದಿನ ನಾನು ಅದರ ಹೊಟ್ಟೆಯ ಕೆಳಗೆ ಕೈ ಹಾಕಿದರೆ ನೀನು ಪಟ್ಟಂತ ಹೊಡೆಯುತ್ತಿದ್ದೆಯಲ್ಲ! "ಇನ್ನು ಅದೇ ಅಲ್ಲಾಡಲ್ಲ, ನೀನ್ಯಾಕೆ ಅಲ್ಲಾಡಿಸ್ತೀಯ?" ಯಂತ್ರ ಮಾಡಿದವರು ಕೋಳಿಯ ಹತ್ತಿರವೇ ಕೂತು ಕಲಿತಿದ್ದಾರೆ ಅನ್ನಿಸಿತು.

ನಿನಗೆ ಅದೆಲ್ಲ ನೆನಪಿದೆಯೋ ಇಲ್ಲವೋ. ಮಂಕರಿಗೆ ರಾಗಿ ಹೊಟ್ಟು ಹಾಸಿ, ಹನ್ನೊಂದೋ ಹದಿಮೂರೋ, ಬೆಸ ಸಂಖ್ಯೆಯೇ ಆಗಬೇಕು ಅಂತ ಎಣಿಸಿ ಇಡುತ್ತಿದ್ದೆ. ಗುಡುಗಿಗೆ ಮೊಟ್ಟೆ ಕೆಡಬಾರದು ಅಂತ ಒಂದು ಮುರಿದ ಕುಡುಗೋಲಿನ ಚೂರು, ಒಂದು ತುಂಡು ಇದ್ದಿಲು, ಒಂದು ಒಣಮೆಣಸಿನಕಾಯಿ. ಇಪ್ಪತ್ತನೇ ದಿನ ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರಿಟ್ಟು ಒಂದೊಂದೇ ಮೊಟ್ಟೆ ತೇಲಿಬಿಟ್ಟು, ನಾವಿಬ್ಬರೂ ಉಸಿರು ಬಿಗಿಹಿಡಿದು ಕೂರುತ್ತಿದ್ದೆವು. ನೀರು ನಿಂತ ಮೇಲೂ ಮೊಟ್ಟೆ ತಾನಾಗಿ ಒಮ್ಮೆ ಮಿಸುಕಿದರೆ ಒಳಗೆ ಜೀವ ಇದೆ ಅಂತ. ಆ ಮಿಸುಕಾಟವನ್ನು ನಾನು ಆಮೇಲೆ ಎರಡು ಸಲ ಮಾತ್ರ ಕಂಡಿದ್ದೇನೆ, ಎರಡು ಸಲವೂ ನನ್ನ ಹೊಟ್ಟೆಯ ಒಳಗೆ.

ಸರಿ, ಯಾವ ಮರಿ ಅಂತ ನೀನು ಕೇಳುವ ಮೊದಲೇ ಹೇಳುತ್ತೇನೆ. ನನಗೆ ನಾಟಿಯೇ ಬೇಕಿತ್ತು. ವ್ಯಾನಿನಲ್ಲಿ ಮೈಕು ಕಟ್ಟಿಕೊಂಡು "ನಾಟಿ ಮರಿ, ನಾಟಿ ಮರಿ" ಅಂತ ಊರೂರು ತಿರುಗುವವನ ಹತ್ತಿರ ಹೋದ ವರ್ಷ ಪಕ್ಕದ ಮನೆಯವರು ಇಪ್ಪತ್ತು ಕೊಂಡರು. ಎರಡು ತಿಂಗಳಿಗೆ ಇಪ್ಪತ್ತೂ ಒಂದೇ ಅಚ್ಚು, ಒಂದೇ ಬಣ್ಣ, ಒಂದೇ ನಡಿಗೆ. ನಾಟಿಯಲ್ಲಿ ಎಲ್ಲಾದರೂ ಹಾಗಿರುತ್ತದೆಯೇ? ಒಂದೇ ಹೇಟೆಯ ಹತ್ತು ಮರಿಯಲ್ಲಿ ಹತ್ತು ಬಣ್ಣ ಇರುತ್ತಿತ್ತು. ಜಾತ್ರೆಯಲ್ಲಿ ಗುಲಾಬಿ, ಹಸಿರು, ನೀಲಿ ಮರಿಗಳನ್ನು ಮಾರುತ್ತಿದ್ದರಲ್ಲ, ನಾನು ಹಟ ಮಾಡಿ ಎರಡು ತೆಗೆಸಿಕೊಂಡಿದ್ದೆ, ಮೂರನೇ ದಿನಕ್ಕೆ ಸತ್ತುಹೋದವು. ಅವು ಮೊಟ್ಟೆ ತಳಿಯ ಗಂಡುಮರಿಗಳು ಅಂತ ಈಗ ಗೊತ್ತಾಯಿತು. ಮೊಟ್ಟೆ ಇಡುವುದಿಲ್ಲ, ಬೇಗ ಮೈ ತುಂಬುವುದಿಲ್ಲ, ಮರಿ ಮಾಡುವವರಿಗೆ ಹುಟ್ಟಿದ ದಿನವೇ ಬೇಡವಾದವು. ಅವುಗಳಿಗೇ ಬಣ್ಣ ಹಚ್ಚಿ ಮಕ್ಕಳ ಕೈಗೆ ಕೊಡುತ್ತಿದ್ದರು.

ಗಿರಿರಾಜ ಅಂದರೆ ನಿನಗೆ ಗೊತ್ತು, ನಿನ್ನ ಅತ್ತೆಮನೆಯಲ್ಲಿ ಒಂದು ಕಾಲಕ್ಕೆ ಸಾಕಿದ್ದಿರಿ. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದವರು ಹಿತ್ತಲಿಗೆ ಅಂತಲೇ ಮಾಡಿದ ತಳಿ. ಈಗ ನಾನು ಹೇಳಿರುವುದು ಅದರ ನಂತರದ್ದು, ಸ್ವರ್ಣಧಾರ. ಪಶುವೈದ್ಯಕೀಯ ವಿಶ್ವವಿದ್ಯಾಲಯದವರು 2005ರಲ್ಲಿ ಬಿಟ್ಟ ಹಕ್ಕಿ. ಹೆಸರಘಟ್ಟದ ಕೇಂದ್ರ ಸರ್ಕಾರದ ಕೋಳಿ ಕೇಂದ್ರದಲ್ಲಿ ಕಾವೇರಿ ಅಂತ ಇನ್ನೊಂದು ಇದೆ. ಅದೂ ಆಗುತ್ತಿತ್ತು, ಆದರೆ ಮನಸ್ಸು ಇದರ ಮೇಲೆ ಕೂತಿತು. ನಮ್ಮ ನಾಟಿ ಹೇಟೆ ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆ ಕೊಟ್ಟರೆ ಹೆಚ್ಚು. ಇದು 180ರ ಆಸುಪಾಸು ಕೊಡುತ್ತದಂತೆ. ಅಷ್ಟೇನೂ ಬೇಡ, ಅರ್ಧ ಕೊಟ್ಟರೂ ನಮ್ಮಿಬ್ಬರಿಗೆ ಬೇಕಾದಷ್ಟಾಯಿತು.

ಒಂದೇ ಒಂದು ಕೊರತೆ, ಅದು ನನಗೆ ಸಣ್ಣದಾಗಿ ಕಾಣುವುದಿಲ್ಲ. ಇವು ಕಾವಿಗೆ ಕೂರುವುದು ಅಪರೂಪ. ಕೂತರೂ, ಅಥವಾ ಬೇರೆ ಹೇಟೆಯ ಕೆಳಗೆ ಇದರ ಮೊಟ್ಟೆ ಇಟ್ಟರೂ, ಹುಟ್ಟುವ ಮರಿ ತಾಯಿಯ ಹಾಗಿರುವುದಿಲ್ಲ. ಹೈಬ್ರಿಡ್ ಮೆಕ್ಕೆಜೋಳದ ಕಥೆಯೇ: ಪ್ರತಿ ಸಲ ಬೀಜಕ್ಕೆ ಅವರ ಬಾಗಿಲಿಗೇ ಹೋಗಬೇಕು. ಹೆಚ್ಚು ಮೊಟ್ಟೆ ಇಡಲಿ ಅಂತ ಕಾವಿನ ಆಸೆಯನ್ನೇ ತಳಿಯಿಂದ ತೆಗೆದಿದ್ದಾರೆ; ಕಾವಿಗೆ ಕೂತ ಕೋಳಿ ಮೊಟ್ಟೆ ನಿಲ್ಲಿಸಿಬಿಡುತ್ತದಲ್ಲ. ಲೆಕ್ಕ ಸರಿಯಾಗಿಯೇ ಇದೆ. ಆದರೂ ತಾಯ್ತನ ಮರೆತ ಹೇಟೆಯನ್ನು ಹೇಟೆ ಅನ್ನಲು ನನಗೆ ಬಾಯಿ ಬರುವುದಿಲ್ಲ. ಮಳೆಗಾಲ ಕಳೆದ ಮೇಲೆ ಎರಡು ನಾಟಿ ಹೇಟೆ ಇಟ್ಟುಕೊಳ್ಳಬೇಕು ಅಂತಿದ್ದೇನೆ. ನಿನ್ನ ಅತ್ತೆಮನೆಯ ಊರಿನಲ್ಲಿ ಇನ್ನೂ ಸಿಗುತ್ತವೆ ಅಂತ ನನಗೆ ಗೊತ್ತು. ಈಗಲೇ ತರಬೇಡ ಮಾರಾಯ್ತಿ. ಹೊರಗಿನ ಕೋಳಿ ರೋಗ ಹೊತ್ತು ತಂದರೆ ಇವು ಎಳೆಯವು, ತಡೆಯುವುದಿಲ್ಲ.

ಒಂದು ಡಬ್ಬಕ್ಕೆ ನೂರು ಮರಿ. ರಟ್ಟಿನ ಡಬ್ಬ, ಸುತ್ತ ತೂತು, ಒಳಗೆ ನಾಲ್ಕು ಮನೆ, ಮನೆಗೆ ಇಪ್ಪತ್ತೈದು. ಹಾಗೆ ವಿಂಗಡಿಸದಿದ್ದರೆ ದಾರಿಯಲ್ಲಿ ಎಲ್ಲ ಒಂದು ಮೂಲೆಗೆ ಸೇರಿ ಒಂದರ ಮೇಲೊಂದು ಬಿದ್ದು ಸಾಯುತ್ತವೆ. ನನಗೆ ಎರಡು ಮನೆ, ಉಳಿದೆರಡು ಸ್ತ್ರೀಶಕ್ತಿ ಸಂಘದ ನಾಲ್ಕು ಜನ ಹೆಂಗಸರಿಗೆ. ಮಗ ಬೆಂಗಳೂರಿನಿಂದ ಕಾರಿನಲ್ಲಿ ತರುತ್ತಾನೆ. ಡಿಕ್ಕಿಯಲ್ಲಿ ಇಡಬೇಡ, ಏಸಿ ಹಾಕಬೇಡ, ದಾರಿಯಲ್ಲಿ ಕಾಫಿಗೆ ನಿಂತು ಬಿಸಿಲಿನಲ್ಲಿ ಬಿಡಬೇಡ ಅಂತ ಮೂರು ಸಲ ಹೇಳಿದೆ. "ಅಮ್ಮ, ನನ್ನ ಮಗಳನ್ನ ಕರ್ಕೊಂಡು ಬರುವಾಗಲೂ ನೀನು ಇಷ್ಟು ಹೇಳಿರಲಿಲ್ಲ" ಅಂದ. ಮೊಟ್ಟೆ ಒಡೆದು ಬರುವ ಮುಂಚೆ ಮರಿ ಉಳಿದ ಹಳದಿಯನ್ನೆಲ್ಲ ಹೊಟ್ಟೆಯೊಳಕ್ಕೆ ಎಳೆದುಕೊಂಡುಬಿಡುತ್ತದೆ. ಆ ಬುತ್ತಿಯ ಮೇಲೆ ಎರಡು ದಿನ ನೀರು ಕಾಳಿಲ್ಲದೆ ತಡೆಯುತ್ತದೆ. ಹೇಟೆ ಮೊದಲ ಮರಿ ಹೊರಬಂದ ಮೇಲೂ ಉಳಿದ ಮೊಟ್ಟೆಗಳಿಗಾಗಿ ಎದ್ದು ಹೋಗದೆ ಕೂತಿರುತ್ತಿತ್ತಲ್ಲ, ಮೊದಲ ಮರಿ ಹಸಿವಿನಿಂದ ಸಾಯುವುದಿಲ್ಲವೇ ಅಂತ ನಾನು ಅಳುತ್ತಿದ್ದೆ. ಸಾಯದೇ ಇರಲು ಕಾರಣ ಇದು. ಮರಿಯನ್ನು ಡಬ್ಬದಲ್ಲಿ ಹಾಕಿ ಊರಿಂದೂರಿಗೆ ಕಳಿಸುವ ವ್ಯಾಪಾರವೆಲ್ಲ ನಿಂತಿರುವುದೂ ಆ ಒಂದು ಚಮಚ ಹಳದಿಯ ಮೇಲೆ.

ಈಗ ಕೊಟ್ಟಿಗೆಗೆ ಬಾ. ಕರು ಕಟ್ಟುತ್ತಿದ್ದ ಮೂಲೆ ನೆನಪಿದೆಯಾ? ಅದೇ ಜಾಗ. ಗುಡಿಸಿ, ಸುಣ್ಣ ಬಳಿದು, ಹತ್ತು ದಿನ ಖಾಲಿ ಬಿಟ್ಟಿದ್ದೆ. ನೆಲಕ್ಕೆ ಮೂರು ಬೆರಳು ದಪ್ಪ ಭತ್ತದ ಹೊಟ್ಟು. ಮರದ ಪುಡಿ ಪುಕ್ಕಟೆ ಸಿಗುತ್ತಿತ್ತು. ಮರಿಗಳು ಅದನ್ನೇ ಕಾಳು ಅಂದುಕೊಂಡು ತಿಂದುಬಿಡುತ್ತವಂತೆ, ಬೇಡ ಅಂದೆ. ಹೊಟ್ಟಿನ ಮೇಲೆ ಮೊದಲ ಮೂರು ದಿನಕ್ಕೆ ಪೇಪರು. ಸುತ್ತಲೂ ಒಂದೂವರೆ ಅಡಿ ಎತ್ತರದ ಬೇಲಿ, ಹೊಸ ಫ್ರಿಜ್ಜಿನ ರಟ್ಟಿನ ಡಬ್ಬ ಕತ್ತರಿಸಿ ಮಾಡಿದ್ದು. ನಮ್ಮ ಮನೆಯವರು ಅದನ್ನು ಮೊದಲು ಚೌಕವಾಗಿ ಕೂರಿಸಿದ್ದರು. ಬ್ಯಾಂಕಿನಲ್ಲಿ ಮೂವತ್ತು ವರ್ಷ ಕೂತವರಿಗೆ ಎಲ್ಲವೂ ಕಾಲಮ್ಮಿನಂತೆ ಇರಬೇಕು. ಮೂಲೆ ಇದ್ದರೆ ಚಳಿಗೋ ಹೆದರಿಕೆಗೋ ಮರಿಗಳೆಲ್ಲ ಅಲ್ಲಿಗೇ ನುಗ್ಗುತ್ತವೆ, ಕೆಳಗಿನವು ಉಸಿರು ಕಟ್ಟಿ ಹೋಗುತ್ತವೆ ಅಂತ ಹೇಳಿ ಬಿಚ್ಚಿಸಿ ದುಂಡಗೆ ಮಾಡಿಸಿದೆ. ಆಗ ಅವರೊಂದು ಮಾತು ಹೇಳಿದರು: "ಮಂಕರಿ ದುಂಡಗಿರೋದು ಅದಕ್ಕೇನೋ."

ಬಲ್ಬಿನ ಕಥೆ ಕೇಳು. ಮೊದಲ ವಾರ ಮರಿಗಳ ಬೆನ್ನಿನ ಮಟ್ಟದಲ್ಲಿ 35 ಡಿಗ್ರಿ ಶಾಖ ಬೇಕು. ಆಮೇಲೆ ವಾರಕ್ಕೆ ಸುಮಾರು ಮೂರು ಡಿಗ್ರಿಯಂತೆ ಇಳಿಸುತ್ತಾ ಹೋಗುವುದು, ರೆಕ್ಕೆಪುಕ್ಕ ಬರುವವರೆಗೆ. ಮರಿಗೆ ಎರಡು ವಾಟ್ ಅಂತ ಲೆಕ್ಕ. ಐವತ್ತಕ್ಕೆ ಅರವತ್ತು ವಾಟಿನ ಎರಡು ಬಲ್ಬು. ತಿಪಟೂರಿನಲ್ಲಿ ನಾಲ್ಕು ಅಂಗಡಿ ತಿರುಗಿದೆ. ಎಲ್ಲ ಕಡೆ ಎಲ್‌ಇಡಿ. "ಇದು ಬಿಸಿ ಆಗಲ್ಲ ಮೇಡಂ, ಕರೆಂಟ್ ಉಳಿತಾಯ" ಅಂತ ಹೆಮ್ಮೆಯಿಂದ ತೋರಿಸುತ್ತಾರೆ. ನನಗೆ ಬಿಸಿ ಆಗುವುದೇ ಬೇಕಪ್ಪ ಅಂದರೆ ಹುಚ್ಚಿಯನ್ನು ನೋಡುವ ಹಾಗೆ ನೋಡುತ್ತಾರೆ. ಕೊನೆಗೆ ಸಂತೆ ಬೀದಿಯ ಹಳೇ ಅಂಗಡಿಯವನು ಏಣಿ ಹಾಕಿ ಮೇಲಿನ ಅಟ್ಟದಿಂದ ಧೂಳು ಹಿಡಿದ ರಟ್ಟಿನ ಪೊಟ್ಟಣ ಇಳಿಸಿದ. ಊದಿ, ಕಿವಿಯ ಹತ್ತಿರ ಅಲ್ಲಾಡಿಸಿ ತಂತಿ ಮುರಿದಿಲ್ಲ ಅಂತ ನೋಡಿ, ಒಂದೊಂದನ್ನೂ ಹಚ್ಚಿ ತೋರಿಸಿದ. ಹಳದಿ ಬೆಳಕು ಅಕ್ಕ, ನಮ್ಮ ನಡುಮನೆಯ ಬೆಳಕು. "ಇದನ್ನ ಕೇಳ್ಕೊಂಡು ಬರೋರು ಈಗ ಕೋಳಿಮರಿ ಸಾಕೋರು ಮಾತ್ರ" ಅಂದ. ಆರು ಕೊಂಡೆ, ನಾಲ್ಕು ಕೈಗಾವಲಿಗೆ.

ಕರೆಂಟು ಹೋದರೆ? ಯುಪಿಎಸ್ ಇದೆ, ಆರು ಗಂಟೆ ತಡೆಯುತ್ತದೆ. ಅದೂ ಹೋದರೆ ಬೋಗುಣಿಯಲ್ಲಿ ಕೆಂಡ, ಮೇಲೆ ಬೂದಿ, ಅದರ ಮೇಲೆ ತೂತಿನ ತಗಡು. ಆದರೆ ಆಗ ಕಿಟಕಿ ಮುಚ್ಚುವ ಹಾಗಿಲ್ಲ. ಮುಚ್ಚಿದ ಕೋಣೆಯ ಕೆಂಡ ಮರಿಯನ್ನಷ್ಟೇ ಅಲ್ಲ, ಕಾಯಲು ಕೂತವರನ್ನೂ ಮಲಗಿಸಿಬಿಡುತ್ತದೆ.

ಮನೆಯವರು ಥರ್ಮಾಮೀಟರ್ ತಂದಿದ್ದಾರೆ, ಗೋಡೆಗೆ ಮೊಳೆ ಹೊಡೆದು ನೇತುಹಾಕಿದ್ದಾರೆ. ಇರಲಿ. ನನ್ನ ನಂಬಿಕೆ ಮರಿಗಳ ಮೇಲೆ. ಬಲ್ಬಿನ ಕೆಳಗೆ ಒತ್ತಿಕೊಂಡು ಕಿರುಚುತ್ತಿದ್ದರೆ ಚಳಿ. ಬೇಲಿಗೆ ಅಂಟಿಕೊಂಡು ಕೊಕ್ಕು ತೆರೆದಿದ್ದರೆ ಸೆಕೆ, ಬಲ್ಬು ಮೇಲೆತ್ತಬೇಕು. ಎಲ್ಲವೂ ಒಂದೇ ಪಕ್ಕಕ್ಕೆ ಸೇರಿದ್ದರೆ ಎಲ್ಲಿಂದಲೋ ಗಾಳಿ ಹೊಡೆಯುತ್ತಿದೆ. ಚೆಲ್ಲಿದ ಅಕ್ಕಿಯ ಹಾಗೆ ಅಲ್ಲೊಂದು ಇಲ್ಲೊಂದು ಕಾಲು ಚಾಚಿ ಮಲಗಿದ್ದರೆ ಎಲ್ಲ ಸರಿ. ಇದನ್ನೇನೂ ನಾನು ಹೊಸದಾಗಿ ಕಲಿಯಬೇಕಾಗಲಿಲ್ಲ. ಮಂಕರಿಗೆ ಕಿವಿ ಇಟ್ಟು, "ಸುಖವಾಗಿದಾವೆ" ಅಂತ ನೀನು ಹೇಳುತ್ತಿದ್ದೆ. ಆ ಸುಖದ ಸದ್ದು ನನಗೆ ಗೊತ್ತು.

ನೀರಿನ ತಟ್ಟೆಗೆ ಗೋಲಿಗಳನ್ನು ಹಾಕಿದ್ದೇನೆ, ಇಲ್ಲದಿದ್ದರೆ ಮುಗ್ಗರಿಸಿ ನೀರಿನಲ್ಲೇ ಬಿದ್ದು ಸಾಯುವ ಪೆದ್ದುಗಳು. ಬಂದ ಕೂಡಲೇ ಒಂದೊಂದರ ಕೊಕ್ಕನ್ನೂ ಬೆಲ್ಲದ ನೀರಿಗೆ ಅದ್ದಿ ಬಿಡಬೇಕು. ನೀರು ಇಲ್ಲಿದೆ ಅಂತ ತೋರಿಸಲು ತಾಯಿ ಇಲ್ಲವಲ್ಲ. ಅದಾಗಿ ಎರಡು ಮೂರು ಗಂಟೆಯ ಮೇಲೆ ಪೇಪರಿನ ಮೇಲೆ ಮೆಕ್ಕೆಜೋಳದ ನುಚ್ಚು. ಚೆಲ್ಲಿ ಬೆರಳಿನಿಂದ ಟಕ್ ಟಕ್ ಅಂತ ಕುಟ್ಟಿದರೆ ಬರುತ್ತವಂತೆ. ನಿನ್ನೆ ಖಾಲಿ ಪೇಪರಿನ ಮೇಲೆ ಕುಟ್ಟಿ ಅಭ್ಯಾಸ ಮಾಡಿದೆ. ಕೆಲಸದವಳು ನೋಡಿಬಿಟ್ಟಳು. ಮರಿ ಬಂದ ಮಾರನೆಯ ದಿನದಿಂದ ಅಂಗಡಿಯಲ್ಲಿ ಸಿಗುವ ಮರಿ ಫೀಡು, ಒಂದು ಚೀಲ ತಂದು ಹಲಗೆಯ ಮೇಲೆ ಇಟ್ಟಿದ್ದೇನೆ, ನೆಲದ ತೇವಕ್ಕೆ ಬೂಸ್ಟು ಬರಬಾರದು ಅಂತ. ಹಿಂಭಾಗಕ್ಕೆ ಹಿಕ್ಕೆ ಅಂಟಿ ಗಟ್ಟಿಯಾಗಿದ್ದರೆ ಎಳೆಯಬಾರದು, ಬಿಸಿನೀರಿನ ಹತ್ತಿಯಿಂದ ನೆನೆಸಿ ಒರೆಸಬೇಕು.

ಶಾಖ ಒಂದು ಕಡೆ, ನೀರು ತೋರಿಸುವ ಬೆರಳು ಒಂದು ಕಡೆ, ಕಾಳಿಗೆ ಕರೆಯುವ ಸದ್ದು ಒಂದು ಕಡೆ, ಗಾಳಿಗೆ ಅಡ್ಡ ನಿಲ್ಲುವ ರಟ್ಟು ಒಂದು ಕಡೆ. ಹದಿನೈದು ದಿನದಿಂದ ನಾವಿಬ್ಬರೂ ಓಡಾಡಿ, ದುಡ್ಡು ಸುರಿದು, ಕೊಟ್ಟಿಗೆಯಲ್ಲಿ ಒಂದು ಹೇಟೆಯನ್ನು ಬಿಡಿಬಿಡಿಯಾಗಿ ಜೋಡಿಸುತ್ತಿದ್ದೇವೆ. ಕರಿಹೇಟೆ ಇದನ್ನೆಲ್ಲ ಒಂದು ಹಿಡಿ ರಾಗಿಗೆ ಮಾಡುತ್ತಿತ್ತು. ಅದರ ಮೇಲೆ ಹದ್ದು ಬಂದರೆ ಕಾದಾಟ ಬೇರೆ.

ಹದ್ದು ಅಂದೆ, ಇಲ್ಲಿ ಹದ್ದಿಗಿಂತ ಮುಂಗುಸಿಯದ್ದೇ ಕಾಟ. ಕೇರೆಹಾವೂ ಬರುತ್ತದೆ. ಕೋಳಿ ಬಲೆ ಅಂತ ಮಾರುವ ಆರು ಮೂಲೆಯ ತೆಳು ಜಾಲರಿ ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆಯೇ ಹೊರತು ಇವು ಒಳಗೆ ಬರದಂತೆ ತಡೆಯುವುದಿಲ್ಲ. ಅರ್ಧ ಅಂಗುಲದ ವೆಲ್ಡ್ ಜಾಲರಿ ಹಾಕಿಸಿ, ಒಂದು ಅಡಿ ನೆಲದೊಳಕ್ಕೂ ಇಳಿಸಿದ್ದೇವೆ. ಖರ್ಚು ಕೇಳಬೇಡ. ಆ ದುಡ್ಡಿಗೆ ಮೂರು ವರ್ಷದ ಮೊಟ್ಟೆ ಬರುತ್ತಿತ್ತು ಅಂತ ಮನೆಯವರು ಲೆಕ್ಕ ಬರೆದು ತೋರಿಸಿದ್ದಾರೆ.

ಇನ್ನು ಹುಂಜಗಳ ಮಾತು. ಗಂಡು ಹೆಣ್ಣು ವಿಂಗಡಿಸದೆ ಕೊಡುತ್ತಾರೆ, ಹಾಗಾಗಿ ಅರ್ಧಕ್ಕರ್ಧ ಹುಂಜ. ಎರಡೋ ಮೂರೋ ಉಳಿದು ಮಿಕ್ಕಿದ್ದು ಸಾರಿಗೇ. ನಾನು ಕಣ್ಣೀರು ಹಾಕುವವಳಲ್ಲ. ಸಾರಾಗುವುದಕ್ಕೆ ಹೆಸರಿಡಬಾರದು ಅನ್ನುವ ನಿನ್ನ ಕಾನೂನನ್ನೇ ಇಲ್ಲೂ ಜಾರಿ ಮಾಡುತ್ತೇನೆ. ನೀನು ಹೇಟೆಗಳಿಗೆ ಮಾತ್ರ ಹೆಸರಿಡುತ್ತಿದ್ದೆ: ಕರಿಹೇಟೆ, ಚುಕ್ಕಿ, ಬೂದಿ, ಮೋಟುಬಾಲ. ಹುಂಜಗಳೆಲ್ಲ "ಅದು".

ಇಲ್ಲಿಯವರೆಗೆ ಬರೆದದ್ದು ಫೋನಿನಲ್ಲೂ ಹೇಳಬಹುದಾಗಿದ್ದು. ಮುಂದಿನದಕ್ಕಾಗಿ ಕಾಗದ ಹಿಡಿದೆ.

ಮರಿಗಳಿಗೆ ಮೊಟ್ಟೆಯೊಡೆದ ದಿನವೇ ಅಲ್ಲೇ ಒಂದು ಲಸಿಕೆ ಚುಚ್ಚಿ ಕಳಿಸುತ್ತಾರೆ. ಏಳನೇ ದಿನ ನಾವು ಹಾಕಬೇಕಾದದ್ದು ಕೊಕ್ಕರೆ ರೋಗದ್ದು. ಕಣ್ಣಿಗೆ ಒಂದು ಹನಿ. ಸೀಸೆ ನೂರು ಡೋಸಿನದು, ಮಂಜುಗಡ್ಡೆಯ ಫ್ಲಾಸ್ಕಿನಲ್ಲಿ ತರಬೇಕು, ಕಲೆಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಸಂಘದವರ ಐವತ್ತು, ನನ್ನ ಐವತ್ತು, ಒಂದು ಸೀಸೆಗೆ ಸರಿಹೋಯಿತು. ನಾಲ್ಕನೇ ವಾರಕ್ಕೆ ಇನ್ನೊಮ್ಮೆ, ಎಂಟನೇ ವಾರಕ್ಕೆ ರೆಕ್ಕೆಯ ಕೆಳಗೆ ಸೂಜಿ.

ಲಸಿಕೆ ಕೇಳಲು ಪಶು ಆಸ್ಪತ್ರೆಗೆ ಹೋಗಿದ್ದೆ. ಡಾಕ್ಟರು ಒಳ್ಳೆಯವರು, ಚಿಕ್ಕ ಹುಡುಗಿ. ರಾಣಿಖೇತ್ ಅಂತ ಅದರ ಹೆಸರು, ಕುಮಾವ್ ಬೆಟ್ಟದ ಊರಿನ ಹೆಸರು, ಲಸಿಕೆ ನಮ್ಮ ಹೆಬ್ಬಾಳದಲ್ಲೇ ತಯಾರಾಗುತ್ತದೆ ಅಂತೆಲ್ಲ ಹೇಳಿದಳು. ಎಷ್ಟು ವರ್ಷದಿಂದ ಇದೆ ಈ ಲಸಿಕೆ ಅಂತ ಕೇಳಿದೆ. ಸ್ವಾತಂತ್ರ್ಯ ಬರುವ ಮುಂಚೆಯೇ ನಮ್ಮ ದೇಶದಲ್ಲಿ ಮಾಡಿದ್ದರು ಅಂದಳು. ನಾನು ಬೆಂಚಿನ ಮೇಲೆ ಕೂತುಬಿಟ್ಟೆ. ಬಿಸಿಲಿಗೆ ಅಂದುಕೊಂಡು ನೀರು ತಂದುಕೊಟ್ಟಳು.

1981ರ ಬೇಸಿಗೆ. ನಿನ್ನ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಗಿದಿತ್ತು. ನಾಟಿ ಮೊಟ್ಟೆ ಎಂಟಾಣೆಗೆ ಒಂದರಂತೆ ಮಾರಿ, ಸಾಸಿವೆ ಡಬ್ಬಿಯಲ್ಲಿ ದುಡ್ಡು ಕೂಡಿಸಿದ್ದೆ. ಕಾಲೇಜಿಗೆ ಸೇರುವುದಾದರೆ ನಿನ್ನ ಕೋಳಿ ದುಡ್ಡಿನಲ್ಲೇ ಸೇರಿಕೋ ಅಂತ ಅಪ್ಪ ಹೇಳಿದ್ದರು, ನೀನು ಅದನ್ನು ಒಪ್ಪಿಗೆ ಅಂತಲೇ ತೆಗೆದುಕೊಂಡಿದ್ದೆ. ಹದಿನಾಲ್ಕು ಕೋಳಿ ಇದ್ದವು. ಜೂನಿಗೆ ಐದಾರು ಮಾರಿದರೆ ಫೀಜು, ಬಸ್ ಪಾಸು ಎರಡೂ ಆಗುತ್ತಿತ್ತು. ಮೊದಲು ಚುಕ್ಕಿ ಬಾಯಿ ತೆರೆದು ಉಸಿರೆಳೆಯತೊಡಗಿತು. ಹಸಿರು ಹಿಕ್ಕೆ. ಮಾರನೇ ದಿನ ಬೂದಿ ಕತ್ತು ತಿರುಚಿಕೊಂಡು ಆಕಾಶ ನೋಡುತ್ತಾ ನಿಂತಿತು, ಕಾಳು ಹಾಕಿದರೆ ಕುಟುಕುತ್ತಿತ್ತು, ಆದರೆ ಕೊಕ್ಕು ಕಾಳಿನ ಮೇಲೆ ಬೀಳುತ್ತಿರಲಿಲ್ಲ. ಅದನ್ನು ನೋಡಲಾರದೆ ನಾನು ಒಳಗೆ ಓಡಿದೆ, ನೀನು ಮಾತ್ರ ಕೂತು ಕೊಕ್ಕಿಗೆ ಕಾಳು ಇಟ್ಟೆ. ಎರಡು ಮೈಲಿ ನಡೆದು ಔಷಧಿ ಕೇಳಿಕೊಂಡು ಹೋದೆಯಲ್ಲ, ಅಲ್ಲಿದ್ದವನು "ಹಸುಗೆ ಔಷಧಿ ಕೇಳು ಕೊಡ್ತೀನಿ, ಕೋಳಿಗೆಲ್ಲ ಯಾರಮ್ಮ ಔಷಧಿ ಹಾಕ್ತಾರೆ" ಅಂದನಂತೆ. ವಾರದಲ್ಲಿ ಹದಿನಾಲ್ಕೂ ಹೋದವು. ಊರವರು ಉಳಿದವನ್ನಾದರೂ ಕೊಯ್ದು ಸಾರು ಮಾಡಿ ಅಂದರು. ನೀನು ಬಿಡಲಿಲ್ಲ. ಬಾವಿಯ ಹತ್ತಿರದ ತೆಂಗಿನ ಬುಡದಲ್ಲಿ ಗುಂಡಿ ತೆಗೆದು ಒಬ್ಬಳೇ ಹೂತೆ.

ರೋಗ ಬಂದ ಮೇಲೆ ಔಷಧಿ ಇಲ್ಲ, ಈಗಲೂ ಇಲ್ಲ ಅಂತ ಡಾಕ್ಟರು ಹೇಳಿದಳು. ಬರುವ ಮುಂಚೆ ಒಂದು ಹನಿ. ಅಷ್ಟೇ ಇತ್ತು. ರೈಲಿನಲ್ಲಿ ಕೂತರೆ ಮೂರು ಗಂಟೆಯ ದೂರದಲ್ಲಿ ಇತ್ತು. ನಮಗೆ ಹೇಳುವವರಿರಲಿಲ್ಲ.

ಅಪ್ಪನಿಗೆ ಕಳಿಸುವ ಮನಸ್ಸೇ ಇರಲಿಲ್ಲ, ಕೋಳಿ ನೆಪ ಆಯಿತು ಅಂತ ನೀನು ಹೇಳುತ್ತೀಯ. ಇರಬಹುದು. ಐದು ವರ್ಷದ ಮೇಲೆ ನನ್ನನ್ನು ಅದೇ ಅಪ್ಪ ಕಳಿಸಿದರು, ಆಗ ಕೊಬ್ಬರಿಗೆ ಒಳ್ಳೆ ರೇಟು ಇತ್ತು. ಅಷ್ಟು ಹೊತ್ತಿಗೆ ನಿನಗೆ ಎರಡನೇ ಮಗು. ನಾನು ಇಪ್ಪತ್ತಾರು ವರ್ಷ ಮಕ್ಕಳಿಗೆ ಪಾಠ ಹೇಳಿದೆ. ವಿಜ್ಞಾನದ ಪಾಠದಲ್ಲಿ ಲಸಿಕೆ ಅನ್ನುವ ಅಧ್ಯಾಯ ಬಂದಾಗ ಸಿಡುಬು, ಪೋಲಿಯೋ ಅಂತೆಲ್ಲ ಬರೆಸಿದೆ, ಕೋಳಿಗೂ ಒಂದು ಇದೆಯೇ ಅಂತ ಒಂದು ದಿನವೂ ಕೇಳಿಕೊಳ್ಳಲಿಲ್ಲ. ಅದೊಂದು ನಾಚಿಕೆ ನನಗೆ ಇದೆ. ಹದಿನಾಲ್ಕು ಹಕ್ಕಿಗಳ ಸಂಸಾರವನ್ನು ಹದಿನಾರರ ಹುಡುಗಿ ಒಬ್ಬಳೇ ತೂಗಿಸುತ್ತಿದ್ದಳು ಅನ್ನುವುದೂ, ಈ ಬಲ್ಬು ಬೇಲಿ ಎಲ್ಲ ಕಟ್ಟುವಾಗಲೇ ನನಗೆ ತಿಳಿದದ್ದು. ಗೆದ್ದಲು ಹಿಡಿಯಲು ಒಡೆದ ಮಡಕೆಗೆ ಸಗಣಿ, ಒಣಹುಲ್ಲು ತುಂಬಿ, ನೀರು ಚಿಮುಕಿಸಿ, ಸಂಜೆ ತೋಟದಲ್ಲಿ ಕವುಚಿ ಇಡುತ್ತಿದ್ದೆ. ಬೆಳಿಗ್ಗೆ ಎತ್ತಿ ತಂದು ಮರಿಗಳ ಮುಂದೆ ಕೊಡವಿದರೆ ಎಂಥ ಹಬ್ಬ! ಅದನ್ನು ಯಾರು ಹೇಳಿಕೊಟ್ಟರು ನಿನಗೆ? ಅಂಗಡಿಯ ಫೀಡಿನ ಚೀಲದ ಮೇಲೆ ಪ್ರೋಟೀನು ಇಷ್ಟು ಅಂತ ಅಚ್ಚು ಹಾಕಿದ್ದಾರೆ, ಓದಿದಾಗ ನಿನ್ನ ಮಡಕೆ ನೆನಪಾಯಿತು.

ಹಾಗಾಗಿ ಕೇಳುತ್ತಿದ್ದೇನೆ, ಬಾ. ಗುರುವಾರಕ್ಕೇ ಬರಲು ಆಗದಿದ್ದರೆ ಪರವಾಗಿಲ್ಲ, ಮೊದಲ ರಾತ್ರಿಗಳನ್ನು ನಾನು ಕೊಟ್ಟಿಗೆಯಲ್ಲೇ ಚಾಪೆ ಹಾಕಿ ಕಳೆಯುತ್ತೇನೆ. ಅದರ ಮುಂದಿನ ಗುರುವಾರಕ್ಕೆ ಮಾತ್ರ ತಪ್ಪಿಸಬೇಡ. ಅವತ್ತು ಏಳನೇ ದಿನ. ನನ್ನ ಬೆರಳು ಈಗೀಗ ನಡುಗುತ್ತವೆ, ಹನಿ ಹಾಕುವುದೇನೋ ಹಾಕುತ್ತೇನೆ, ಮರಿ ಹಿಡಿಯುವುದು ನನ್ನಿಂದ ಆಗುವುದಿಲ್ಲ. ಬಿಗಿಯಾದರೆ ಉಸಿರು ಹೋಗುತ್ತದೆ, ಸಡಿಲವಾದರೆ ಹಾರಿಹೋಗುತ್ತದೆ. ಕತ್ತನ್ನು ಎರಡು ಬೆರಳ ನಡುವೆ ಇಟ್ಟು, ಅಂಗೈಯಲ್ಲಿ ಮೈ ಮುಚ್ಚಿ, ಒಂದು ಕಣ್ಣು ಮೇಲಕ್ಕೆ ಮಾಡಿ ಹಿಡಿಯಬೇಕಂತೆ. ಡಾಕ್ಟರು ಮಾಡಿ ತೋರಿಸಿದಳು. ನೀನು ನನಗೆ ಮರಿ ಮುಟ್ಟಲು ಕೊಡುವಾಗ ಹಿಡಿದು ಕೊಡುತ್ತಿದ್ದದ್ದೇ ಹಾಗೆ.

ಶಿವಮೊಗ್ಗದಿಂದ ಬೆಳಗಿನ ರೈಲು ಹತ್ತು, ತಿಪಟೂರಿನಲ್ಲಿ ಮನೆಯವರು ಸ್ಟೇಷನ್ನಿಗೆ ಬರುತ್ತಾರೆ. ಸೊಸೆಗೆ ನಾನು ಹೇಳುತ್ತೇನೆ, ನಾಲ್ಕು ದಿನ ಮಗುವನ್ನು ಅವಳ ಅಮ್ಮ ನೋಡಿಕೊಳ್ಳಲಿ. ಮೊಣಕಾಲು ನೋವಿಗೆ ಇಲ್ಲಿ ಬಿಸಿನೀರು ಒಲೆಯದ್ದೇ ಇದೆ. ನಿಮ್ಮ ಕಡೆ ಮೇದರ ಕೇರಿಯಲ್ಲಿ ಬಿದಿರಿನ ಮಂಕರಿ ಸಿಕ್ಕರೆ ಒಂದು ತಾ, ದೊಡ್ಡದು. ಇಲ್ಲಿ ಅಂಗಡಿಯಲ್ಲಿರುವುದೆಲ್ಲ ಪ್ಲಾಸ್ಟಿಕ್.

ಬುಧವಾರ ಸಂಜೆಯೇ ಬಲ್ಬು ಹಚ್ಚಿಬಿಡುತ್ತೇನೆ. ಮರಿ ಬರುವ ಹೊತ್ತಿಗೆ ಹೊಟ್ಟು ಬೆಚ್ಚಗಾಗಿರಬೇಕು.

ನಿನ್ನ ತಂಗಿ